ನಾನೂರ ಐದರ ಬಂದೂಕು

ನಮ್ಮ ಭಾಗದ ಕನ್ನಡ ಶಾಲೆಯೊಂದರಲ್ಲಿ ಬೇಟೆಯ ಕಥೆಯೊಂದನ್ನು ಓದಿ ಹೇಳುತ್ತಿದ್ದಾಗ ನಡೆದ ಸಣ್ಣ ಸಂಗತಿಯಿಂದ ಈ ಲೇಖನವನ್ನು ಆರಂಭಿಸುತ್ತೇವೆ. ಕಥೆ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ನರದು. ಪೂರ್ಣಚಂದ್ರ ತೇಜಸ್ವಿಯವರು ಅಂಥ ಕಥೆಗಳನ್ನು ಕನ್ನಡಕ್ಕೆ ತಂದುದರಿಂದ ಅವು ನಮ್ಮ ಮಕ್ಕಳಿಗೆ ಈಗ ಮನೆಯ ಕಥೆಗಳೇ ಆಗಿಬಿಟ್ಟಿವೆ. ಆಂಡರ್ಸನ್ನರ ಕೈಯಲ್ಲಿದ್ದುದು .405 ಬಂದೂಕು ಎಂದು ನಾವು ಹೇಳಿದೊಡನೆ ಒಬ್ಬ ಹುಡುಗ ಎದ್ದು ನಿಂತು, “ಸರ್, ಅದರಿಂದ ನಾನೂರ ಐದು ಹುಲಿ ಹೊಡೆದಿದ್ದರೇನು?” ಎಂದು ಕೇಳಿದ. ಪಕ್ಕದಲ್ಲಿದ್ದವನು, “ಅಲ್ಲೋ, ಅದು ಲೈಸನ್ಸಿನ ನಂಬರು” ಎಂದು ತಿದ್ದಿದ. ತರಗತಿ ನಕ್ಕಿತು, ನಾವೂ ನಕ್ಕೆವು. ಆದರೆ ಸರಿಯಾದ ಉತ್ತರವನ್ನು ಹೇಳಹೊರಟಾಗ, ಆ ಮೂರು ಅಂಕಿಗಳನ್ನು ವಿವರಿಸುವುದಕ್ಕೆ ಒಂದು ಪಿರಿಯಡ್ಡು ಸಾಲದೆಂಬುದು ನಮಗೆ ಮನವರಿಕೆಯಾಯಿತು. ಅಂದು ಹೇಳಿ ಮುಗಿಸಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಒಂದು ಬೇಟೆಯ ಬಂದೂಕಿನ ಅಂಕಿಯೊಳಗೆ ಒಂದು ಸರಕಾರದ ಅಂಜಿಕೆ, ಒಂದು ಕಾರಖಾನೆಯ ಜಾಣ್ಮೆ, ಒಬ್ಬ ಮನುಷ್ಯನ ಹೊಣೆಗಾರಿಕೆ ಇವೆಲ್ಲವೂ ಅಡಗಿರಬಹುದು. ಹಿಂದಿನ ಕಾಲದ ಬೇಟೆಗಾರರು ತಮ್ಮ ಬಂದೂಕನ್ನೂ ಅದರ ತೋಟೆಯನ್ನೂ ಹೇಗೆ ಆರಿಸಿಕೊಂಡರು, ಆ ಆಯ್ಕೆ ತಪ್ಪಿದಾಗ ಅದರ ದಂಡವನ್ನು ಯಾರು ತೆತ್ತರು ಎಂಬುದೇ ನಮ್ಮ ವಿಷಯ. ಬೇಟೆಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆ ಕಾಲ ಮುಗಿದುಹೋಗಿದೆ. ಮುಗಿದುದು ಒಳ್ಳೆಯದೇ ಆಯಿತು. ಆದರೆ ಮುಗಿದುಹೋದ ಕಾಲವನ್ನು ತಿಳಿಯುವುದಕ್ಕಾಗಿಯೇ ಅಲ್ಲವೆ ನಾವು ಇತಿಹಾಸವನ್ನು ಓದುವುದು?

ಮೊದಲು ನಾವು ನಿಂತಿರುವ ನೆಲವನ್ನು ನೋಡೋಣ. ನಾರಾಯಣಖೇಡ ಮತ್ತು ಜಹೀರಾಬಾದು ತಾಲ್ಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಆ ವರ್ಷದ ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರ ಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಗೆರೆ ಬದಲಾಯಿತು, ನೆಲ ಬದಲಾಗಲಿಲ್ಲ. ಮಂಜೀರಾ ನದಿಯ ಆಚೆ ಈಚೆ ಹಬ್ಬಿರುವ ನಮ್ಮ ಮನೂರಿನ ಸೀಮೆಯೆಂದರೆ ಜೋಳ ತೊಗರಿಗಳ ಬಯಲು. ಇಂಥ ಬಯಲಿನ ಪ್ರಾಣಿಯೆಂದರೆ ಚಿಗರಿ, ಅಂದರೆ ಕೃಷ್ಣಮೃಗ. ಬೀದರದ ಕಡೆಯ ಹುಲ್ಲುಗಾವಲುಗಳಲ್ಲಿ ಅದು ಇಂದಿಗೂ ಉಳಿದಿದೆ. ಬಯಲಿನಲ್ಲಿ ಚಿಗರಿ ಮನುಷ್ಯನನ್ನು ದೂರದಿಂದಲೇ ಕಾಣುತ್ತದೆ. ನೂರು ಇನ್ನೂರು ಗಜದೊಳಗೆ ಬರಗೊಡುವುದಿಲ್ಲ. ಆಂಡರ್ಸನ್ನರು ತಿರುಗಿದ ಕಾಡುಗಳಾದರೋ ಬೇರೆ ಬಗೆಯವು. ಬೆಂಗಳೂರಿನ ದಕ್ಷಿಣಕ್ಕಿರುವ ಜವಳಗಿರಿ, ತಾಳವಾಡಿಯ ಕಡೆಯ ಬಿದಿರು ಮೆಳೆಗಳಲ್ಲಿ, ಲಂಟಾನದ ಪೊದೆಗಳಲ್ಲಿ, ಹುಲಿ ಕಂಡರೆ ಇಪ್ಪತ್ತು ಮೂವತ್ತು ಗಜದಲ್ಲಿಯೇ ಕಾಣಬೇಕು. ಕಂಡ ಬಳಿಕ ಯೋಚಿಸುವುದಕ್ಕೆ ಒಂದೆರಡು ಕ್ಷಣಕ್ಕಿಂತ ಹೆಚ್ಚು ಕಾಲವಿರುವುದಿಲ್ಲ. ಈ ಎರಡು ನೆಲಗಳ ಭೇದವನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಬಂದೂಕಿನ ಆಯ್ಕೆಯ ವಿಚಾರಕ್ಕೆ ಬಂದಾಗ ಇದೇ ನಮಗೆ ಕೀಲಿಕೈಯಾಗುವುದು.

ಇನ್ನು ಮಾತುಗಳ ವಿಷಯ. ಬಂದೂಕು ಎಂಬ ಶಬ್ದ ಅರಬ್ಬಿಯಿಂದ ಹೊರಟು ಪಾರಸಿಯ ಮೂಲಕ ನಮ್ಮಲ್ಲಿಗೆ ಬಂತು. ಕೊಡಗು ಮಲೆನಾಡುಗಳಲ್ಲಿ ಅದನ್ನೇ ಕೋವಿ ಎನ್ನುತ್ತಾರೆ. ನಮ್ಮ ಗಡಿಯಲ್ಲಿ ಕನ್ನಡಿಗರೂ ತೆಲುಗರೂ ಒಂದೇ ಬಾಯಿಂದ ತೋಟಾ ಎನ್ನುವ ವಸ್ತುವನ್ನು ಮಲೆನಾಡಿನವರು ಕಾಡತೂಸು ಎನ್ನುವುದುಂಟು. ಅದು ಯೂರೋಪಿನ ಹಡಗುಗಳ ಜೊತೆಯಲ್ಲಿ ಬಂದ ಮಾತು. ತೋಟೆಯೆಂದರೆ ಬರಿಯ ಗುಂಡಲ್ಲ. ಹಿತ್ತಾಳೆಯ ಒಂದು ಕೊಳವೆ, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಈ ನಾಲ್ಕೂ ಸೇರಿದರೆ ಒಂದು ತೋಟೆ. ಮದ್ದು ಉರಿದಾಗ ಹುಟ್ಟುವ ಅನಿಲದ ಒತ್ತಡ ಗುಂಡನ್ನು ನಳಿಗೆಯಲ್ಲಿ ಮುಂದಕ್ಕೆ ತಳ್ಳುತ್ತದೆ. ನಳಿಗೆಯ ಒಳಗೋಡೆಯಲ್ಲಿ ತಿರುಪಿನಂತೆ ಗೀರುಗಳನ್ನು ಕೊರೆದಿದ್ದರೆ ಗುಂಡು ಬುಗುರಿಯಂತೆ ತಿರುಗುತ್ತಾ ನೇರವಾಗಿ ಹೋಗುತ್ತದೆ. ಹೀಗೆ ಗೀರು ಕೊರೆದ ಬಂದೂಕೇ ರೈಫಲು.

ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಬೇಟೆಯ ಭಾರಿ ಬಂದೂಕುಗಳನ್ನು ಸಾಮಾನ್ಯವಾಗಿ ಅಂಗುಲದಿಂದ ಅಳೆಯುತ್ತಿರಲಿಲ್ಲ. ‘ಬೋರು’ ಎಂಬ ವಿಚಿತ್ರ ಲೆಕ್ಕದಿಂದ ಅಳೆಯುತ್ತಿದ್ದರು. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಉಂಡೆಗಳು ಒಂದು ಪೌಂಡಿಗೆ ಎಷ್ಟು ತೂಗುವುವೋ ಅದೇ ಬೋರಿನ ಸಂಖ್ಯೆ. ಹನ್ನೆರಡು ಉಂಡೆಗಳು ತೂಗಿದರೆ ಅದು 12 ಬೋರು. ಒಂದೊಂದು ಉಂಡೆ ಸುಮಾರು 38 ಗ್ರಾಂ. ಎಂಟು ತೂಗಿದರೆ 8 ಬೋರು. ಉಂಡೆ ಸುಮಾರು 57 ಗ್ರಾಂ. ನಾಲ್ಕೇ ತೂಗಿದರೆ 4 ಬೋರು. ಉಂಡೆ 113 ಗ್ರಾಂ. ಅಂಕಿ ಇಳಿದಂತೆ ಬಂದೂಕು ಬೆಳೆಯುತ್ತದೆ. ಗಣಿತದ ಉಪಾಧ್ಯಾಯರು ವಿಲೋಮ ಪ್ರಮಾಣವನ್ನು ಕಲಿಸುವಾಗ ಈ ಉದಾಹರಣೆಯನ್ನು ಕೊಟ್ಟರೆ ಹುಡುಗರು ಮರೆಯಲಾರರು. ಚಾಮರಾಜನಗರದ ಬಳಿ 1874ರಲ್ಲಿ ಕಾಡಾನೆಗಳ ಖೆಡ್ಡಾ ನಡೆಸಿ ಹೆಸರಾದ ಸ್ಯಾಂಡರ್ಸನ್ನರು ತಮ್ಮ ಮೈಸೂರಿನ ಅನುಭವಗಳನ್ನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆನೆಗೂ ಕಾಟಿಗೂ 4 ಮತ್ತು 8 ಬೋರಿನ ಭಾರಿ ಬಂದೂಕುಗಳನ್ನು ಹೊತ್ತುಕೊಂಡು ಹೋಗುತ್ತಿದ್ದ ಕಾಲವದು. ಕರಿಮದ್ದಿನ ಗುಂಡಿಗೆ ವೇಗ ಕಡಮೆ; ಆದುದರಿಂದ ತೂಕದಿಂದಲೇ ಕೆಲಸ ಆಗಬೇಕಾಗಿತ್ತು. ಬಂದೂಕು ಭಾರ, ಒದೆತ ಭಾರ, ಮೇಲಾಗಿ ಈಡು ಹಾರಿಸಿದೊಡನೆ ಕಣ್ಣ ಮುಂದೆ ದಟ್ಟವಾದ ಬಿಳಿಯ ಹೊಗೆ. ಪ್ರಾಣಿ ಬಿದ್ದಿತೋ, ಓಡಿತೋ, ಇಲ್ಲವೆ ಹೊಗೆಯ ಮರೆಯಿಂದ ತನ್ನ ಮೇಲೆಯೇ ಬರುತ್ತಿದೆಯೋ ಎಂಬುದು ಬೇಟೆಗಾರನಿಗೆ ಕಾಣುತ್ತಿರಲಿಲ್ಲ.

ಆ ಶತಮಾನದ ಕೊನೆಯ ಹದಿನೈದು ವರ್ಷಗಳಲ್ಲಿ ಈ ಲೋಕವೆಲ್ಲ ತಲೆಕೆಳಗಾಯಿತು. ಹೊಗೆಯಿಲ್ಲದ ಹೊಸ ಮದ್ದು ಬಂತು. ಅದರಲ್ಲಿ ಇಂಗ್ಲೆಂಡಿನವರು ಬಳಸಿದುದಕ್ಕೆ ಕಾರ್ಡೈಟ್ ಎಂದು ಹೆಸರು. ಸಣ್ಣ ಗುಂಡು ಹಿಂದೆಂದೂ ಕಾಣದ ವೇಗದಲ್ಲಿ ಹೋಗತೊಡಗಿತು. ಬರಿಯ ಸೀಸ ಆ ವೇಗವನ್ನು ತಾಳದೆ ನಳಿಗೆಗೆ ಮೆತ್ತಿಕೊಳ್ಳುವುದರಿಂದ ಗುಂಡಿಗೆ ಗಟ್ಟಿ ಲೋಹದ ಕವಚವನ್ನು ತೊಡಿಸಿದರು. ಬೋರಿನ ಲೆಕ್ಕ ಹಿಂದೆ ಸರಿದು ಅಂಗುಲದ ದಶಾಂಶ ಮುಂದೆ ಬಂತು. .405 ಎಂದರೆ ಒಂದು ಅಂಗುಲವನ್ನು ಸಾವಿರ ಪಾಲು ಮಾಡಿ ಅದರಲ್ಲಿ ನಾನೂರ ಐದು ಪಾಲು. ಇದೇ ಆ ಹುಡುಗನ ಪ್ರಶ್ನೆಗೆ ನೇರವಾದ ಉತ್ತರ. ಆದರೆ ಹೆಸರಿನ ಅಂಕಿಯನ್ನು ಕಣ್ಣು ಮುಚ್ಚಿ ನಂಬಬಾರದು. .405ರ ಗುಂಡನ್ನು ನಿಜವಾಗಿ ಅಳೆದರೆ .411, .412 ಅಂಗುಲ ಬರುತ್ತದೆ. ತೋಟೆಗಳ ಹೆಸರು ಊರುಗಳ ಹೆಸರಿನಂತೆಯೇ. ಇಟ್ಟವರ ಅನುಕೂಲಕ್ಕೆ ತಕ್ಕಂತೆ ಇರುತ್ತವೆ.

ಇಲ್ಲಿಯವರೆಗೆ ಹೇಳಿದುದು ಕಾರಖಾನೆಯ ಕಥೆ. ಇನ್ನು ಸರಕಾರದ ಕಥೆಯನ್ನು ಕೇಳಬೇಕು. ಇಂಗ್ಲೆಂಡಿನ ರಿಗ್ಬಿ ಕಂಪನಿಯವರು 1898ರಲ್ಲಿ .450ರ ಕಾರ್ಡೈಟ್ ತೋಟೆಯನ್ನು ಹೊರತಂದರು. ದೊಡ್ಡ ಬೇಟೆಗೆ ಅದು ಎಲ್ಲರ ಮೆಚ್ಚಿನದಾಯಿತು. ಆದರೆ 1907ರಲ್ಲಿ ಬ್ರಿಟಿಷ್ ಸರಕಾರ .450 ಅಳತೆಯ ಬಂದೂಕು ತೋಟೆಗಳನ್ನು ಇಂಡಿಯಾಕ್ಕೂ ಸೂಡಾನಿಗೂ ತರಿಸಬಾರದೆಂದು ತಡೆಹಾಕಿತು. ಇದರಲ್ಲಿ ಹುಲಿಯ ಮೇಲಣ ದಯೆ ಏನೂ ಇರಲಿಲ್ಲ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳ ಅಳತೆಯೂ .450. ಅಂಥ ಬಂದೂಕುಗಳು ಸೈನ್ಯದ ಕೈ ತಪ್ಪಿ ಅಲ್ಲಲ್ಲಿ ಉಳಿದುಕೊಂಡಿದ್ದವು. ಬೇಟೆಯ ನೆವದಲ್ಲಿ ಬಂದ ಗುಂಡುಗಳು ಆ ಬಂದೂಕುಗಳಿಗೆ ತಿರುಗಿ ಸರಕಾರದ ಎದೆಗೇ ಬಂದಾವು ಎಂಬ ಭಯ ಆಳುವವರಿಗಿತ್ತು. 1857ನ್ನು ಅವರು ಮರೆತಿರಲಿಲ್ಲ. 1878ರ ಆಯುಧ ಕಾಯಿದೆಯ ಮೂಲಕ ಪ್ರಜೆಗಳ ಕೈಯ ಬಂದೂಕಿಗೆ ಲೈಸನ್ಸು ಬೇಕೆಂದು ಮೊದಲೇ ವಿಧಿಸಿಯಾಗಿತ್ತು. ನಿಜಾಮರ ಸೀಮೆ ಸಂಸ್ಥಾನವಾದರೂ ಅದಕ್ಕೆ ಸ್ವಂತ ಬಂದರು ಇರಲಿಲ್ಲ. ಬಂದೂಕು ಬರಬೇಕಾದರೆ ಬ್ರಿಟಿಷರ ಬಂದರನ್ನು ದಾಟಿಯೇ ಬರಬೇಕಾಗಿತ್ತು. ಹಾಗಾಗಿ ಬಂದರಿನ ಕಟ್ಟಳೆಗೆ ಹೈದರಾಬಾದಿನ ಜಹಗೀರುದಾರನೂ ತಲೆಬಾಗಲೇಬೇಕಾಯಿತು.

ಕಾಯಿದೆ ಬಂದಾಗ ಕಾರಖಾನೆ ಸುಮ್ಮನಿರುತ್ತದೆಯೆ? .450 ಬೇಡವೆಂದರೆ .465, .470, .475, .476 ಎಂದು ಇಂಗ್ಲೆಂಡಿನ ಬಂದೂಕುಗಾರರು ಒಬ್ಬೊಬ್ಬರು ಒಂದೊಂದು ಅಳತೆಯನ್ನು ಹಿಡಿದರು. ಇವೆಲ್ಲವುಗಳ ಕೆಲಸ ಹೆಚ್ಚುಕಡಮೆ ಒಂದೇ. ಅಂಕಿ ಮಾತ್ರ ಬೇರೆ. ಸೈನ್ಯದ .303 ತೋಟೆಯೂ ಇಲ್ಲಿಯ ಸಾಮಾನ್ಯ ಬೇಟೆಗಾರನಿಗೆ ನಿಷಿದ್ಧವಾಗಿತ್ತು. ಅದರ ಎಡೆಯಲ್ಲಿ .315 ಎಂಬುದು ಬಳಕೆಗೆ ಬಂತು. ಅದು ಆಸ್ಟ್ರಿಯಾ ದೇಶದ ಸೈನ್ಯದ ತೋಟೆ. ತನ್ನ ಸೈನ್ಯದ್ದಲ್ಲದ ಕಾರಣ ಬ್ರಿಟಿಷರಿಗೆ ಅದರಿಂದ ಅಂಜಿಕೆ ಇರಲಿಲ್ಲ! ಬಂಗಾಳದ ಇಷಾಪುರದ ಸರಕಾರಿ ರೈಫಲ್ ಕಾರಖಾನೆ ಆ ತೋಟೆಗೆ ಹೊಂದುವ ಬೇಟೆಯ ರೈಫಲನ್ನು ಮಾಡಿತು. ಆಳುವವರು ಬದಲಾದರೂ ಅವರ ಅಂಜಿಕೆಯಿಂದ ಹುಟ್ಟಿದ ಅಂಕಿ ಸ್ವತಂತ್ರ ಭಾರತದ ಲೈಸನ್ಸು ಪುಸ್ತಕಗಳಲ್ಲಿ ಉಳಿದುಕೊಂಡಿತು. ಆದುದರಿಂದ ‘ಲೈಸನ್ಸಿನ ನಂಬರು’ ಎಂದ ಆ ಎರಡನೆಯ ಹುಡುಗನ ಮಾತು ತಪ್ಪಾದರೂ ಅದರಲ್ಲಿ ಕಾಳಿನಷ್ಟು ಸತ್ಯವಿತ್ತೆನ್ನಬೇಕು.

ಹಾಗಾದರೆ ಬೇಟೆಗಾರ ಬಂದೂಕನ್ನು ಆರಿಸಿದ್ದು ಹೇಗೆ? ಅವನ ಮುಂದೆ ಮೂರು ಪ್ರಶ್ನೆಗಳಿದ್ದವು. ಹೊಡೆಯಬೇಕಾದ ಪ್ರಾಣಿ ಯಾವುದು? ಎಷ್ಟು ದೂರದಿಂದ? ತನ್ನ ತೋಳಿಗೂ ಕೈಚೀಲಕ್ಕೂ ಯಾವುದು ತಾಳಿಕೆ? ನಮ್ಮ ಸೀಮೆಯಂಥ ಬಯಲಿನ ಚಿಗರಿಗೆ ಹಗುರವಾದ, ವೇಗದ, ನೇರವಾಗಿ ಹೋಗುವ ಸಣ್ಣ ಗುಂಡು ಬೇಕು. ಅದೇ ಗುಂಡನ್ನು ಪೊದೆಯಿಂದ ನುಗ್ಗಿ ಬರುವ ಕಾಟಿಯ ಮೇಲೆ ಹಾರಿಸಿದರೆ ಅದು ಚರ್ಮ ಮಾಂಸಗಳಲ್ಲಿಯೇ ಉಳಿದು ಒಳಗಣ ಜೀವಸ್ಥಾನವನ್ನು ಮುಟ್ಟದೆ ಹೋಗಬಹುದು. ಕಾಡಿಗೆ ದಪ್ಪ ಗುಂಡು ಬೇಕು, ಕೈಗೆಟಕುವಷ್ಟು ಹತ್ತಿರದಲ್ಲಿ ಕೆಡವುವ ಶಕ್ತಿ ಬೇಕು, ಮೊದಲನೆಯ ಈಡು ಸಾಲದಿದ್ದರೆ ಎರಡನೆಯದು ಒಡನೆಯೇ ಬೇಕು. ರಾಜಮಹಾರಾಜರಿಗೂ ದೊಡ್ಡ ಅಧಿಕಾರಿಗಳಿಗೂ ಇಂಗ್ಲೆಂಡಿನ ಜೋಡುನಳಿಗೆಯ .470, .465 ರೈಫಲುಗಳು ಇದ್ದವು. ಆದರೆ ಅವು ಕೈಯಿಂದ ಮಾಡಿದ ವಸ್ತುಗಳು. ಬೆಲೆ ಸಾಮಾನ್ಯರ ಮಾತಲ್ಲ. ಹುಲಿಬೇಟೆಗೆ ಹೆಸರಾದ ಆರನೆಯ ನಿಜಾಮ ಮಹಬೂಬ್ ಅಲಿ ಖಾನರಂಥವರಿಗೆ ಬೆಲೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಸಂಬಳದಿಂದ ಜೀವಿಸುವವನಿಗೆ ಏಳುತ್ತಿತ್ತು.

ಕೆನೆತ್ ಆಂಡರ್ಸನ್ನರು ಸಂಬಳದ ಮನುಷ್ಯರು. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಅವರು ಬೆಂಗಳೂರಿನ ವಿಮಾನ ಕಾರಖಾನೆಯಲ್ಲಿ ನೌಕರಿ ಮಾಡಿದವರು; ಕನ್ನಡ ತಮಿಳುಗಳನ್ನು ಬಲ್ಲವರು; ಹಳ್ಳಿಗರ, ಪೂಜಾರಿಗಳ, ಕಾಡಿನ ಜನರ ಸ್ನೇಹವನ್ನು ಬಯಸಿ ಹೋದವರು. ಅವರ ಮೊದಲ ಪುಸ್ತಕ ಹೊರಬಂದುದು 1954ರಲ್ಲಿ. ಅವರ ಕೈಯಲ್ಲಿದ್ದುದು ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ನೆಯ ಮಾದರಿ. ಜಾನ್ ಬ್ರೌನಿಂಗ್ ಎಂಬ ಪ್ರಸಿದ್ಧ ಶಿಲ್ಪಿ ರೂಪಿಸಿದ ಬಂದೂಕದು. ಅದಕ್ಕೆ ಮೊದಲು ಆ ಕಂಪನಿಯ ಬಂದೂಕುಗಳಲ್ಲಿ ತೋಟೆಗಳನ್ನು ನಳಿಗೆಯ ಕೆಳಗಿನ ಕೊಳವೆಯೊಂದರಲ್ಲಿ ಒಂದರ ಹಿಂದೊಂದು ತುಂಬುತ್ತಿದ್ದರು. ಚೂಪು ಮೂತಿಯ ಗುಂಡಾದರೆ ಹಿಂದಿನ ಗುಂಡಿನ ಮೂತಿ ಮುಂದಿನ ತೋಟೆಯ ಕೇಪಿಗೆ ತಾಗಿ ಅನಾಹುತವಾಗುವ ಭಯ. ಬ್ರೌನಿಂಗರು ಕೊಳವೆಯನ್ನು ತೆಗೆದು ಬಂದೂಕಿನ ನಡುವಿನಲ್ಲಿ ಪೆಟ್ಟಿಗೆಯನ್ನಿಟ್ಟರು. ತೋಟೆಗಳು ಒಂದರ ಮೇಲೊಂದು ಮಲಗಿದವು. .405 ಆದರೆ ನಾಲ್ಕು ಹಿಡಿಸುತ್ತದೆ. ಬೆರಳುಗಳ ಬಳಿಯ ಸನ್ನೆಯನ್ನು ಕೆಳಕ್ಕೆ ಎಳೆದು ಮೇಲಕ್ಕೆ ಒತ್ತಿದರೆ ಹಳೆಯ ಕೊಳವೆ ಹೊರಬಿದ್ದು ಹೊಸ ತೋಟೆ ಒಳಸೇರುತ್ತದೆ.

.405 ತೋಟೆ ಈ ಬಂದೂಕಿಗಾಗಿಯೇ 1904ರಲ್ಲಿ ಹುಟ್ಟಿತು. ಗುಂಡಿನ ತೂಕ 300 ಗ್ರೈನು. ಗ್ರೈನೆಂದರೆ ಮೂಲದಲ್ಲಿ ಒಂದು ಧಾನ್ಯದ ಕಾಳಿನ ತೂಕ. 7000 ಗ್ರೈನಿಗೆ ಒಂದು ಪೌಂಡು. ನಮ್ಮ ಅಕ್ಕಸಾಲಿಗರ ಗುಲಗಂಜಿಗೆ ಸರಿಸುಮಾರು ಎರಡು ಗ್ರೈನು ತೂಗಬಹುದು. ಹಾಗಾದರೆ ಆಂಡರ್ಸನ್ನರ ಗುಂಡು ನೂರೈವತ್ತು ಗುಲಗಂಜಿಗೂ ತುಸು ಹೆಚ್ಚು, ಅಂದರೆ ಹತ್ತೊಂಬತ್ತೂವರೆ ಗ್ರಾಂ ಹತ್ತಿರ. ಸೆಕೆಂಡಿಗೆ ಸುಮಾರು 2200 ಅಡಿ, ಎಂದರೆ 670 ಮೀಟರು ಅದರ ವೇಗ. ಶಬ್ದದ ವೇಗಕ್ಕೆ ಇದು ಹೆಚ್ಚುಕಡಮೆ ಇಮ್ಮಡಿ. ಈಡಿನ ಸದ್ದು ಕಿವಿಗೆ ಬೀಳುವ ಮೊದಲೇ ಗುಂಡು ಮೈಗೆ ಬಿದ್ದಿರುತ್ತದೆ. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟರು 1909ರಲ್ಲಿ ಆಫ್ರಿಕದ ಬೇಟೆಗೆ ಹೊರಟಾಗ ಈ .405ನ್ನು ಕೊಂಡೊಯ್ದು ಅದಕ್ಕೆ ದೊಡ್ಡ ಹೆಸರು ತಂದುಕೊಟ್ಟರು.

ಇದು ಎಲ್ಲಕ್ಕೂ ಒಗ್ಗುವ ತೋಟೆಯೇನಲ್ಲ. ಮೊಂಡು ಮೂತಿಯ ಗುಂಡಾದುದರಿಂದ ದೂರ ಹೋದಂತೆ ವೇಗ ಬೇಗನೆ ಕುಗ್ಗುತ್ತದೆ. ನಮ್ಮ ಬಯಲಿನ ಚಿಗರಿಗೆ ಇದು ಹೇಳಿದುದಲ್ಲ. ತೋಳಿಗೆ ಒದೆತವೂ ಜೋರು. ಆದರೆ ದಕ್ಷಿಣದ ಕಾಡಿನಲ್ಲಿ, ಮೂವತ್ತು ಗಜದ ದೂರದಲ್ಲಿ, ಹುಲಿಗೂ ಚಿರತೆಗೂ ಇದಕ್ಕಿಂತ ಹೆಚ್ಚಿನದು ಬೇಕಾಗಿರಲಿಲ್ಲ. ಜೋಡುನಳಿಗೆಯಲ್ಲಿ ಎರಡೇ ಈಡು, ಇದರಲ್ಲಿ ನಾಲ್ಕು. ಕಾರಖಾನೆಯಲ್ಲಿ ಸಾಲಾಗಿ ತಯಾರಾದ ಬಂದೂಕಾದುದರಿಂದ ಬೆಲೆಯೂ ಸಂಬಳಕ್ಕೆ ಎಟಕುವಂಥದು. ಆಂಡರ್ಸನ್ನರು ಬರೆಯತೊಡಗಿದ ಕಾಲಕ್ಕೆ ಅದು ಐವತ್ತು ವರ್ಷ ಹಳೆಯದಾದ ತೋಟೆ. ಹೊಸ ಹೊಸ ತೋಟೆಗಳು ಬಂದಿದ್ದವು. ಆದರೂ ಅವರು ಅದನ್ನು ಬಿಡಲಿಲ್ಲ. ನಮಗೆ ತೋರುವಂತೆ ಇದಕ್ಕೆ ಕಾರಣ ಅಭಿಮಾನವೊಂದೇ ಅಲ್ಲ, ಅಭ್ಯಾಸ. ಕತ್ತಲಲ್ಲಿ ಕೈ ತಾನಾಗಿಯೇ ಸನ್ನೆಯನ್ನು ಹುಡುಕಿಕೊಳ್ಳುವಷ್ಟು ಪಳಗಿದ ಬಂದೂಕು, ಪಳಗದ ಹೊಸ ಬಂದೂಕಿಗಿಂತ ಮೇಲು. ರೈತನೊಬ್ಬ ತನ್ನ ಹಳೆಯ ಕುಡುಗೋಲನ್ನು ಬಿಡದಿರುವುದು ಇದೇ ಕಾರಣದಿಂದ.

ಇದಕ್ಕೆ ಪ್ರತಿಯಾಗಿ ಜಿಮ್ ಕಾರ್ಬೆಟ್ಟರ ಉದಾಹರಣೆಯನ್ನು ನೋಡಬೇಕು. ಉತ್ತರದ ಕುಮಾವೂಂ ಬೆಟ್ಟಗಳಲ್ಲಿ ನಡೆದಾಡಿದ ಅವರ ಹೆಸರಿನ ಜೊತೆಗೆ ನೆನಪಾಗುವುದು .275 ರಿಗ್ಬಿ. ಇದರ ಮೂಲ ಜರ್ಮನಿಯ ಮೌಸರ್ 1892ರ ಹೊತ್ತಿಗೆ ರೂಪಿಸಿದ 7 ಮಿಲಿಮೀಟರಿನ ತೋಟೆ. ಅದಕ್ಕೆ ಇಂಗ್ಲೆಂಡಿನವರು ಅಂಗುಲದ ಹೆಸರಿಟ್ಟರು, ಅಷ್ಟೆ. ಕಡಿದಾದ ಬೆಟ್ಟಗಳನ್ನು ದಿನವಿಡೀ ಹತ್ತಿ ಇಳಿಯುವವನಿಗೆ ಹಗುರ ಬಂದೂಕೇ ಮಿತ್ರ. ಕಣಿವೆಯ ಆಚೆ ಬದಿಗೂ ಗುಂಡು ನೇರವಾಗಿ ಹೋಗಬೇಕು. ಗುಂಡು ಸಣ್ಣದು, ಆದುದರಿಂದ ಗುರಿ ತಪ್ಪಕೂಡದು. ದೊಡ್ಡ ಬಂದೂಕು ಬೇಕೆನಿಸಿದಲ್ಲಿ ಅವರು .450/400ರ ಜೋಡುನಳಿಗೆಯನ್ನು ಒಯ್ದರು. ಆ .275 ಅವರಿಗೆ ಬಂದುದು 1907ರಲ್ಲಿ, ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕೆ ಸರಕಾರದ ಕಡೆಯಿಂದ ಸಂದ ಉಡುಗೊರೆಯಾಗಿ.

ಆ ಹುಲಿಯ ಕಥೆಯಲ್ಲಿಯೇ ನಮ್ಮ ಲೇಖನದ ತಿರುಳಿದೆ. ನೇಪಾಳದಲ್ಲಿಯೂ ಕುಮಾವೂಂನಲ್ಲಿಯೂ ಸೇರಿ ಅದು ತಿಂದ ಜನರ ಸಂಖ್ಯೆ 436. ಅದು ಸತ್ತ ಬಳಿಕ ಬಾಯಿ ತೆರೆದು ನೋಡಿದಾಗ ಬಲಗಡೆಯ ಮೇಲಿನ ಕೋರೆ ಅರ್ಧಕ್ಕೆ, ಕೆಳಗಿನದು ಬುಡದವರೆಗೂ ಮುರಿದಿದ್ದವು. ಹಿಂದೆ ಯಾರೋ ಹಾರಿಸಿದ ಗುಂಡಿನ ಗಾಯವದು. ತನ್ನ ಸಹಜವಾದ ಬೇಟೆಯನ್ನು ಹಿಡಿದು ಕೊಲ್ಲಲಾರದ ಹುಲಿ ಮನುಷ್ಯರ ಕಡೆಗೆ ತಿರುಗಿತ್ತು. ಹಾರಿಸಿದವನ ಹೆಸರು ಇತಿಹಾಸದಲ್ಲಿಲ್ಲ. ಅವನು ಮನೆಗೆ ಹೋಗಿ ಗುರಿ ತಪ್ಪಿತೆಂದು ನಕ್ಕಿದ್ದರೂ ನಕ್ಕಿರಬಹುದು. ಆ ಒಂದು ಈಡಿನ ಬೆಲೆಯನ್ನು ಹುಲ್ಲು ಸೌದೆಗೆ ಹೋದ ಹೆಂಗಸರು, ದನ ಕಾಯುವ ಮಕ್ಕಳು ತೆತ್ತರು. ಹತ್ತರಲ್ಲಿ ಒಂಬತ್ತು ಹುಲಿಗಳು ಗಾಯದಿಂದಲೂ ಹತ್ತನೆಯದು ಮುಪ್ಪಿನಿಂದಲೂ ನರಭಕ್ಷಕವಾಗುತ್ತವೆ ಎಂಬುದು ಕಾರ್ಬೆಟ್ಟರು 1944ರ ತಮ್ಮ ಪುಸ್ತಕದಲ್ಲಿ ಕೊಟ್ಟ ತೀರ್ಮಾನ. ಗಾಯವೆಂದರೆ ಎಲ್ಲವೂ ಗುಂಡಿನ ಗಾಯವಲ್ಲ, ಮುಳ್ಳುಹಂದಿಯ ಮುಳ್ಳುಗಳೂ ಉಂಟು. ಆದರೆ ಅಜಾಗ್ರತೆಯಿಂದ ಹಾರಿಸಿದ ಗುಂಡು, ಗಾಯಗೊಂಡ ಪ್ರಾಣಿಯನ್ನು ಬೆನ್ನಟ್ಟಿ ಮುಗಿಸದೆ ಬಿಟ್ಟ ಹೇಡಿತನ, ಇವು ಮುಖ್ಯವಾದ ಕಾರಣಗಳು. ಆಂಡರ್ಸನ್ನರ ಕಥೆಗಳಲ್ಲಿಯೂ ಇಂಥ ಗಾಯದ ಸಂಗತಿ ಮತ್ತೆ ಮತ್ತೆ ಬರುತ್ತದೆ.

ಕಾರ್ಬೆಟ್ಟರೂ ಅಂದು ಕಲಿತರು. ಚಂಪಾವತಕ್ಕೆ ಅವರು ಒಯ್ದುದು .500ರ ರೈಫಲು; ಜೇಬಿನಲ್ಲಿದ್ದುದು ಮೂರೇ ತೋಟೆಗಳು. ಮೂರೂ ಮುಗಿದಾಗ ಗಾಯಗೊಂಡ ಹುಲಿ ಇನ್ನೂ ಎದುರಿಗಿತ್ತು. ಓಡಿಹೋಗಿ ತಹಸೀಲ್ದಾರರ ಬಂದೂಕನ್ನು ಇಸಿದುಕೊಂಡು ಬಂದರು. ಗುರಿಯಿಡುವಾಗ ನೋಡಿದರೆ ಅದರ ನಳಿಗೆಗೂ ಹಿಂಭಾಗಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು! ಹಾರಿಸಿದರೆ ಸಿಡಿದು ಕಣ್ಣು ಹೋಗಬಹುದಾಗಿತ್ತು. ಹಾರಿಸಿದರು. ಬಾಯಿಗೆ ಇಟ್ಟ ಗುರಿ ತಪ್ಪಿ ಗುಂಡು ಪಂಜಕ್ಕೆ ಬಿದ್ದಿತು. ಮೊದಲಿನ ಗುಂಡುಗಳಿಂದಲೇ ಸಾಯುತ್ತಿದ್ದ ಹುಲಿ ಅಲ್ಲಿಯೇ ತಲೆ ಇಳಿಸಿತು. ಸ್ವಲ್ಪದರಲ್ಲಿ ಕಥೆ ಬೇರೆಯಾಗುತ್ತಿತ್ತು. ಬಂದೂಕಿನ ಆಯ್ಕೆಯೆಂದರೆ ಅಂಗಡಿಯಲ್ಲಿ ಮುಗಿಯುವ ಕೆಲಸವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿ ಒಂದು ಅನ್ಯಾಯದ ಮಾತನ್ನು ತಡೆಯಬೇಕು. ಬೇಟೆಯ ಪುಸ್ತಕಗಳಲ್ಲಿ ಹಳ್ಳಿಗರ ಕೇಪಿನ ಕೋವಿಗಳನ್ನು ನಿಂದಿಸುವುದು ಒಂದು ವಾಡಿಕೆ. ಮುರಿದ ಮೊಳೆ, ಸೀಸದ ಚೂರು, ಚರೆ ತುಂಬಿದ ಆ ಕೋವಿಗಳು ಕೊಲ್ಲುವುದಕ್ಕಿಂತ ಗಾಯಗೊಳಿಸಿದುದೇ ಹೆಚ್ಚೆಂಬುದು ದಿಟ. ಆದರೆ ರೈತನಿಗೆ ಒಳ್ಳೆಯ ಬಂದೂಕು ಸಿಗದಂತೆ ಮಾಡಿದವರು ಯಾರು? ಬ್ರಿಟಿಷ್ ಇಂಡಿಯಾದಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದ್ದಂಥ ವಿನಾಯಿತಿ ಉಳಿದ ಪ್ರಜೆಗಳಿಗೆ ಇರಲಿಲ್ಲ. ಬೆಳೆ ಕಾಯಬೇಕಾದವನಿಗೆ ಬೇಟೆ ಒಂದು ವಿನೋದವಾಗಿರಲಿಲ್ಲ. ಅವನ ಕೈಗೆ ಸಿಕ್ಕಿದುದು ಆ ಕೋವಿಯೊಂದೇ. ಆಯ್ಕೆ ಇಲ್ಲದವನ ತಪ್ಪಿಗೂ ಆಯ್ಕೆ ಇದ್ದವನ ತಪ್ಪಿಗೂ ಒಂದೇ ತೂಕವಲ್ಲ. ಬೆಲೆಬಾಳುವ ರೈಫಲನ್ನು ಕೈಯಲ್ಲಿ ಹಿಡಿದು, ಅಟ್ಟಣೆಯ ಮೇಲೆ ಕುಳಿತು, ಮಬ್ಬಿನಲ್ಲಿ ಅಂದಾಜಿನ ಮೇಲೆ ಹಾರಿಸಿ, ರಕ್ತದ ಜಾಡನ್ನು ಕಂಡರೂ ಊಟಕ್ಕೆ ಹೊತ್ತಾಯಿತೆಂದು ಹಿಂದಿರುಗಿದ ದೊರೆಗಳಿಗೆ ಯಾವ ನೆಪವೂ ಇಲ್ಲ.

ಬಯಲಿನವರಾದ ನಮಗೆ ಇನ್ನೂ ಒಂದು ಮಾತು ಸಲ್ಲುತ್ತದೆ. ಹೊಸ ಕಾಲದ ಸಣ್ಣ ಗುಂಡು ತಪ್ಪಿದರೆ ಮೈಲಿಗಟ್ಟಲೆ ಹೋಗುತ್ತದೆ. ಕಾಡಿನಲ್ಲಿ ಮರಗಳು ತಡೆದಾವು. ತೊಗರಿ ಹೊಲದಲ್ಲಿ ಏನಿದೆ ತಡೆಯುವುದಕ್ಕೆ? ಚಿಗರಿಯ ಆಚೆ ಕುರಿ ಕಾಯುವವನು ಕುಳಿತಿರುತ್ತಾನೆ, ಕಳೆ ಕೀಳುವ ಹೆಂಗಸರು ಬಗ್ಗಿರುತ್ತಾರೆ. ಆದುದರಿಂದ ನಾವು ಮೇಲೆ ಹೇಳಿದ ಮೂರು ಪ್ರಶ್ನೆಗಳಿಗೆ ನಾಲ್ಕನೆಯದನ್ನು ಸೇರಿಸಬೇಕು: ಗುರಿಯ ಹಿಂದೆ ಯಾರಿದ್ದಾರೆ?

ಈ ಪ್ರಶ್ನೆಗಳೆಲ್ಲ ಇಂದು ನಮ್ಮ ದೇಶದಲ್ಲಿ ಇತಿಹಾಸಕ್ಕೆ ಸೇರಿದವು. 1970ರಲ್ಲಿ ಹುಲಿಬೇಟೆ ನಿಂತಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆಂಡರ್ಸನ್ನರು ಈ ಮೂರನ್ನೂ ಕಾಣುವವರೆಗೆ ಬದುಕಿದ್ದರು. ಕಾರ್ಬೆಟ್ಟರ .275 ಅನೇಕ ವರ್ಷ ಅವರ ಪುಸ್ತಕಗಳ ಪ್ರಕಾಶಕರಲ್ಲಿ ಉಳಿದು, 2015ರಲ್ಲಿ ಅದನ್ನು ಮಾಡಿದ ರಿಗ್ಬಿ ಕಂಪನಿಗೇ ಮರಳಿತು. ಬಂದೂಕು ತವರಿಗೆ ಹೋಯಿತು. ಅದರ ಕಥೆ ಮಾತ್ರ ಬೆಟ್ಟದ ಹಳ್ಳಿಗಳಲ್ಲಿ ಉಳಿಯಿತು.

ಮುಂದಿನ ಸಲ ಆ ಪಾಠಕ್ಕೆ ಬಂದಾಗ ನಾವು ಹುಡುಗರಿಗೆ ಅಳತೆಯ ಪಟ್ಟಿ ಕೊಟ್ಟು .405 ಅಂಗುಲವನ್ನು, ಎಂದರೆ ಹತ್ತು ಮಿಲಿಮೀಟರಿಗೆ ತುಸು ಹೆಚ್ಚನ್ನು, ಕಾಗದದ ಮೇಲೆ ದುಂಡಗೆ ಬರೆಯಿಸಿದೆವು. ನಮ್ಮ ಕಿರುಬೆರಳಿನ ತುದಿಗಿಂತ ದೊಡ್ಡದಾಗಲಿಲ್ಲ. ನಾನೂರ ಐದು ಹುಲಿಯ ಪ್ರಶ್ನೆ ಕೇಳಿದ್ದ ಹುಡುಗ ಬಹಳ ಹೊತ್ತು ಅದನ್ನೇ ನೋಡಿ, “ಇಷ್ಟೇ ಏನು ಸರ್?” ಎಂದ. ಇಷ್ಟೇ ಎಂದೆವು. ಪಕ್ಕದ ಕರಿಹಲಗೆಯ ಮೇಲೆ ಚಂಪಾವತದ 436 ಎಂಬ ಅಂಕಿಯನ್ನೂ ಬರೆದಿದ್ದೆವು. ಅವನು ಅದನ್ನೂ ಇದನ್ನೂ ನೋಡುತ್ತಾ ಕುಳಿತ. ನಾವು ಹೆಚ್ಚಿಗೆ ವಿವರಿಸಲಿಲ್ಲ. ಇತರ ಶಾಲೆಗಳ ಉಪಾಧ್ಯಾಯ ಮಿತ್ರರೂ ಈ ಎರಡು ಅಂಕಿಗಳನ್ನು ಒಂದೇ ಹಲಗೆಯ ಮೇಲೆ ಬರೆದು ನೋಡಬೇಕೆಂದು ನಮ್ಮ ಬಿನ್ನಹ.